ಹಿತ್ತಲ ಚೌಡಿಯೂ ಕಂಡಕ್ಟರ್ ಸೀತಾರಾಮಪ್ಪನೂ

ಹೊಸನಗರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಕೊನೆಯ ಮನೆಯನ್ನು ಕೊಂಡು ಅದರೊಳಗೆ ಕಾಲಿಟ್ಟ ದಿನ ಸೀತಾರಾಮಪ್ಪನ ಮುಖದಲ್ಲಿ ಕೋಟೆ ಗೆದ್ದ ದೊರೆಯ ಕಳೆಯಿತ್ತು. ಕೀಲಿ ಜೇಬಿನಲ್ಲೇ ಇತ್ತು, ಆದರೆ ಹದಿನಾಲ್ಕು ವರ್ಷ ತುಕ್ಕು ತಿಂದ ಬೀಗ ಕೀಲಿಯ ಗುರುತು ಹಿಡಿಯಲಿಲ್ಲ. ಕಲ್ಲೆತ್ತಿ ಎರಡೇಟು ಹಾಕಿದ. ಬೀಗ, ಬೀಗದ ಜೊತೆ ಚಿಲಕ, ಚಿಲಕದ ಜೊತೆ ಬಾಗಿಲಿನ ಒಂದು ಹಲಗೆ, ಹೀಗೆ ಒಂದೊಂದಾಗಿ ಕಾಲಬುಡಕ್ಕೆ ಬಿದ್ದು ಶರಣಾದವು. ಒಳಗಿದ್ದ ಬಾವಲಿ ಸೈನ್ಯ ಅವನ ತಲೆಯ ಮೇಲಿಂದ ಹಾರಿ ಪಲಾಯನ ಮಾಡಿತು. ಹೆಗ್ಗಣಗಳು ಮಾತ್ರ ಸಂಧಾನಕ್ಕೆ ಒಪ್ಪದೆ ಅಡುಗೆಮನೆಯಲ್ಲೇ ಉಳಿದವು.

ಸಾಗರದಿಂದ ಹೊಸನಗರ ಹಾಯ್ದು ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಸೀತಾರಾಮಪ್ಪ ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದ. ನಲವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನರನ್ನು ತುಂಬಿ, ಆಮೇಲೂ ಬಾಗಿಲಲ್ಲಿ ನೇತಾಡುತ್ತ "ಒಳಗೆ ಜಾಗ ಇದೆ, ಬನ್ನಿ ಬನ್ನಿ" ಎಂದು ದಾರಿಬದಿಯಲ್ಲಿ ಸುಮ್ಮನೆ ನಿಂತವರನ್ನೂ ಕೈಬೀಸಿ ಕರೆದು ಹತ್ತಿಸಿದ ಮಹಾನುಭಾವ. ಊರಿಗೆಲ್ಲ ಜಾಗ ಮಾಡಿಕೊಟ್ಟವನಿಗೆ ಸ್ವಂತಕ್ಕೊಂದು ಸೂರಿರಲಿಲ್ಲ. ಒಂಬತ್ತು ಬಾಡಿಗೆ ಮನೆ ಬದಲಾಯಿಸಿದ್ದ. ಒಂಬತ್ತು ಸಲವೂ ಹೆಂಡತಿ ಮೀನಾಕ್ಷಮ್ಮ ಅದೇ ತಗಡಿನ ಟ್ರಂಕು ಕಟ್ಟಿದ್ದಳು, ಬಿಚ್ಚಿದ್ದಳು. ಹತ್ತನೆಯ ಸಲ ಕಟ್ಟುವಾಗ ಅವಳು ಒಂದು ಮಾತು ಹೇಳಿದಳು.

"ರೀ, ಇದು ಕೊನೆ. ಈ ಮನೇಲೂ ನೆಮ್ಮದಿ ಇಲ್ಲ ಅಂತಾದ್ರೆ ಟ್ರಂಕು ಸಾಗರದ ನಮ್ಮಕ್ಕನ ಮನೆಗೆ ಹೋಗುತ್ತೆ. ಅದರ ಹಿಂದೆ ನಾನು. ನೀವು ನಿಮ್ಮ ಬಸ್ಸಲ್ಲೇ ಮಲ್ಕೊಳಿ."

ಮೀನಾಕ್ಷಮ್ಮ ತಮಾಷೆಗೆ ಮಾತಾಡುವ ಹೆಂಗಸಲ್ಲ. ಮನೆ ಸಂಪೂರ್ಣ ಸರಿಯಾಗುವ ತನಕ ಟ್ರಂಕು ಬಿಚ್ಚುವುದಿಲ್ಲ ಎಂದು ಅದನ್ನು ಬಾಗಿಲ ಪಕ್ಕದಲ್ಲೇ ಇಟ್ಟಳು. ದಿನಾ ಬೆಳಗ್ಗೆ ಅದನ್ನು ನೋಡಿಯೇ ಸೀತಾರಾಮಪ್ಪ ಹಲ್ಲುಜ್ಜಬೇಕಿತ್ತು.

ಮಳೆಗಾಲಕ್ಕೆ ಎರಡು ತಿಂಗಳಿತ್ತು. ಮೇಸ್ತ್ರಿ ನಾಗರಾಜಪ್ಪನ ದಂಡು ಬಂದಿಳಿಯಿತು. ಹಂಚು ಇಳಿಸಿದರು, ಹಂಚಿನಡಿಯ ಗೆದ್ದಲು ತಿಂದ ಪಕಾಸಿ ಕಿತ್ತರು. ಸೀತಾರಾಮಪ್ಪ ಅಂಗಳದ ನಡುವೆ ನಿಂತು, ಕುತ್ತಿಗೆಗೆ ಹಳೆಯ ಸೀಟಿ ನೇತುಹಾಕಿಕೊಂಡು, ತೊಲೆ ಎತ್ತುವಾಗ ಒಂದು, ಇಳಿಸುವಾಗ ಎರಡು ಊದುತ್ತಿದ್ದ. ಕೆಲಸದವರು ಅದನ್ನು ಮೂರು ದಿನ ಸಹಿಸಿ, ನಾಲ್ಕನೆಯ ದಿನ ಬಚ್ಚಿಟ್ಟರು.

ಹಿತ್ತಲಲ್ಲಿ ರಂಜದ ಮರದ ಕೆಳಗೆ ಲಂಟಾನದ ಪೊದೆಯೊಳಗೆ ಒಂದು ಕಲ್ಲುರಾಶಿ ಇತ್ತು.

"ಸೀತಾರಾಮಣ್ಣ, ಈ ಕಲ್ಲು ತಗಳನಾ?" ಎಂದ ಮೇಸ್ತ್ರಿ.

"ಎಲ್ಲ ತಗ ಮಾರಾಯ! ಒಂದು ಲೋಡ್ ಕಲ್ಲು ಪುಕ್ಕಟೆ ಸಿಕ್ತು ಅಂತ ತಿಳ್ಕ."

ಹಾಗೆ ಆ ರಾಶಿಯ ಕಲ್ಲುಗಳು ಮುಂಬಾಗಿಲಿಗೆ ಮೂರು ಮೆಟ್ಟಿಲಾದವು, ಬಚ್ಚಲಿಗೆ ಪಾಯವಾದವು, ಅಗಲವಾಗಿದ್ದದ್ದೊಂದು ಬಟ್ಟೆ ಒಗೆಯುವ ಕಲ್ಲಾಯಿತು, ಉಳಿದವು ಒಲೆಕಟ್ಟೆಯೊಳಗೆ ಸೇರಿದವು.

ಎಲ್ಲ ಸೇರಿ ಗಾರೆ ಒಣಗಿದ ಮೇಲೆ ಪಕ್ಕದ ಮನೆಯ ಅಂಗನವಾಡಿ ಟೀಚರ್ ವಿನಯಾ ಒಂದು ಬಟ್ಟಲು ಪತ್ರೊಡೆ ಹಿಡಿದು ಬಂದಳು. ಹೊಸ ಮೆಟ್ಟಿಲು ಹೊಗಳಿದಳು, ಬಚ್ಚಲು ಹೊಗಳಿದಳು. ಹಿತ್ತಲಿಗೆ ಬಂದು ಸುತ್ತ ನೋಡಿದಳು.

"ಮೀನಾಕ್ಷಕ್ಕ, ಇಲ್ಲಿ ಚೌಡಿ ಕಲ್ಲಿತ್ತಲ್ಲ, ಎಲ್ಲಿಟ್ರಿ?"

ಮೀನಾಕ್ಷಮ್ಮನ ಕೈಯ ಪತ್ರೊಡೆ ಬಾಯಿಗೆ ಹೋಗದೆ ನಿಂತಿತು.

"ಯಾವ ಕಲ್ಲು?" ಎಂದ ಸೀತಾರಾಮಪ್ಪ.

"ಹಿಂದಿನೋರ ಚೌಡಿ. ನಾನು ಮದುವೆಯಾಗಿ ಬಂದಾಗ ದೀಪಾವಳಿ ಕಳೆದ ಮೇಲೆ ನೋನಿ ಹಬ್ಬಕ್ಕೆ ಇಲ್ಲೇ ಕೋಳಿ ಕೊಯ್ತಿದ್ರು."

"ಹೇಗಿತ್ತು ಅದು?"

ವಿನಯಾ ಯೋಚಿಸಿದಳು. "ಕಲ್ಲಿನ ಹಾಗೇ ಇತ್ತಪ್ಪ."

ಮನೆ ಕಾಯಲಿ ಎಂದು ಹಿತ್ತಲಲ್ಲಿ ಕೂರಿಸುವ ಚೌಡಿಗೆ ಕಣ್ಣುಮೂಗು ಕೆತ್ತುವ ಪದ್ಧತಿ ಆ ಕಡೆ ಇಲ್ಲ. ಕುಂಕುಮ ಇದ್ದರೆ ದೇವಿ, ತೊಳೆದುಹೋದರೆ ಕಲ್ಲು. ಹದಿನಾಲ್ಕು ಮಳೆಗಾಲ ತೊಳೆದ ಮೇಲೆ ಯಾವುದು ಯಾವುದು? ತುಳಿಯುವ ಮೆಟ್ಟಿಲೋ, ಬಚ್ಚಲ ಕೊಳೆನೀರು ಕುಡಿಯುವ ಪಾಯವೋ, ಅಥವಾ ಮೀನಾಕ್ಷಮ್ಮ ನಿನ್ನೆಯಷ್ಟೇ ಗಂಡನ ಪಂಚೆಯನ್ನು ದಪದಪ ಬಡಿದ ಒಗೆಯುವ ಕಲ್ಲೋ?

ಮರುದಿನದಿಂದ ಮೀನಾಕ್ಷಮ್ಮ ಮೆಟ್ಟಿಲು ತುಳಿಯಲಿಲ್ಲ. ಹಿಂಬಾಗಿಲಿನಿಂದ ಓಡಾಡಿದಳು. ಬಟ್ಟೆಯನ್ನು ಬಕೆಟ್ಟಿನಲ್ಲೇ ಹಿಂಡಿದಳು, ಸ್ನಾನಕ್ಕೆ ವಿನಯಾಳ ಮನೆಗೆ ಹೋದಳು, ಅಂಗಳದಲ್ಲಿ ಮೂರು ಇಟ್ಟಿಗೆ ಹೂಡಿ ಅನ್ನ ಮಾಡಿದಳು. ಸೀತಾರಾಮಪ್ಪ ನಕ್ಕ. ನಕ್ಕವನು ಯಾರೂ ಇಲ್ಲದಾಗ ಮೂರು ಮೆಟ್ಟಿಲನ್ನೂ ಒಂದೇ ನೆಗೆತಕ್ಕೆ ದಾಟುವ ಸಾಹಸ ಶುರುಮಾಡಿದ. ಐವತ್ತೆಂಟರ ಮಂಡಿಗೆ ಅದು ಸಮುದ್ರಲಂಘನವೇ.

ಆ ವಾರ ಹೊಸದಾಗಿ ಏರಿಸಿದ ತೊಲೆ, ಮೇಲೆ ಒಂದು ಹಂಚಿನ ಭಾರವೂ ಇಲ್ಲದೆ, ನಡುಮಧ್ಯಾಹ್ನ ಚಟ್ ಎಂದು ಸೀಳಿತು. ಎರಡು ದಿನ ಬಿಟ್ಟು ಮೇಸ್ತ್ರಿ ನಾಗರಾಜಪ್ಪ ಒಣಗಿದ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಬ್ಯಾಂಡೇಜು ಹಾಕಿಕೊಂಡು ಬಂದು ಓಣಿಯಲ್ಲೇ ನಿಂತು ಕೂಗಿದ:

"ಸೀತಾರಾಮಣ್ಣ, ಅವಳನ್ನ ಹುಡುಕಿ ಕೂರ್ಸೋ ತನಕ ನಾನು ಗೇಟು ದಾಟಲ್ಲ. ಕಟ್ಟಿದ್ದು ನಾನು. ನನ್ನ ಕೈನೇ ಮುರಿದ್ಲು. ತುಳಿದಿದ್ದು ನೀವು. ನಿಮ್ದೆಂತ ಮುರೀತಾಳೋ ನೋಡ್ಕಳಿ!"

ಅದೇ ದಿನ ಸಂಜೆ ಮೀನಾಕ್ಷಮ್ಮ ಟ್ರಂಕಿಗೆ ಹಗ್ಗ ಸುತ್ತಿದಳು. "ಬುಧವಾರ ಬೆಳಗ್ಗೆ ಸಾಗರದ ಬಸ್ಸಿಗೆ ಹೋಗ್ತೀನಿ" ಎಂದಳು. ಜಗಳವಿಲ್ಲ, ಅಳುವಿಲ್ಲ. ಹೊಸ ಮನೆಯಲ್ಲಿ ಒಬ್ಬನೇ ಹೆಗ್ಗಣಗಳ ಜೊತೆ ಮುಪ್ಪು ಕಳೆಯುವ ಚಿತ್ರ ಸೀತಾರಾಮಪ್ಪನ ಕಣ್ಣೆದುರು ಬಂತು. ಆಗ ಆ ವೀರನ ತಲೆಯಲ್ಲಿ ಯುದ್ಧತಂತ್ರವೊಂದು ಹುಟ್ಟಿತು.

ಸೋಮವಾರ ಸ್ಕೂಟರಿನಲ್ಲಿ, ನಗರ ಎಂಬ ಪಕ್ಕದ ಊರಿಗೆ ಹೋಗುವ ರಸ್ತೆಗೆ ಹೋದ. ಮುರಿದ ಮೋರಿಯೊಂದರ ಪಕ್ಕ ಕಲ್ಲುಗಳು ಬಿದ್ದಿದ್ದವು. ಒಂದೊಂದನ್ನೂ ಹೊರಳಿಸಿ ನೋಡಿದ. ಒಂದು ತೀರಾ ನುಣುಪು, ಇನ್ನೊಂದಕ್ಕೆ ಡಾಂಬರು ಮೆತ್ತಿತ್ತು. ಕೊನೆಗೆ ಕುಂಬಳಕಾಯಿ ಗಾತ್ರದ ಕಪ್ಪು ಕಲ್ಲೊಂದು ಸಿಕ್ಕಿತು. ದೇವರ ಗಾಂಭೀರ್ಯ ಇದೆ ಎಂದು ಮೆಚ್ಚಿ ಸುಲಭವಾಗಿ ಎತ್ತಿ ಸ್ಕೂಟರಿನ ಮುಂದೆ ಕಾಲ ಬಳಿ ಇಟ್ಟುಕೊಂಡ. ಊರು ಹತ್ತಿರ ಬಂದಂತೆ ಸ್ಕೂಟರು ಏದುಸಿರು ಬಿಡತೊಡಗಿತು. ಮನೆ ಮುಟ್ಟಿ ಇಳಿಸುವಾಗ ಕಲ್ಲನ್ನು ಎರಡು ಕೈಯಲ್ಲಿ ತಬ್ಬಿಕೊಂಡರೂ ಎತ್ತಲಾಗದೆ ನೆಲದ ಮೇಲೆ ಉರುಳಿಸಿಕೊಂಡೇ ಹೋಗಬೇಕಾಯಿತು. ವಯಸ್ಸಾಯಿತು ಎಂದುಕೊಂಡ. ಹೆಂಡತಿ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ಎಣ್ಣೆ, ಮಸಿ ಬಳಿದು ರಂಜದ ಬುಡದಲ್ಲಿ ಹೂತ. ಅವಳು ಬಂದ ಮೇಲೆ ಹಾರೆ ಹಿಡಿದು ಅಗೆದು, "ಇಲ್ಲಿದಾಳೆ! ಇಲ್ಲೇ ಇದ್ಲು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದ.

ಮಂಗಳವಾರ ಪೂಜೆಯಾಯಿತು. ಓಣಿಯ ಜನ ಸೇರಿದರು, ಮೇಸ್ತ್ರಿಯೂ ಗೇಟು ದಾಟಿದ. ಕಾಯಿ ಒಡೆದು, ಕೋಳಿ ಹಿಡಿದುಕೊಂಡು, ಏನು ಬೇಡಬೇಕೆಂದು ತಿಳಿಯದ ಸೀತಾರಾಮಪ್ಪ ಅಭ್ಯಾಸಬಲದಿಂದ ಕೂಗಿದ: "ಯಾರಿದ್ರೂ ಸೈ, ಬಾ ತಾಯಿ, ಜಾಗ ಇದೆ, ಬಂದು ಕೂತ್ಕ!" ಜನ ಭಕ್ತಿಯಿಂದ ಕೈಮುಗಿದರು. ಆ ರಾತ್ರಿಯೇ ಮೀನಾಕ್ಷಮ್ಮ ಟ್ರಂಕಿನ ಹಗ್ಗ ಬಿಚ್ಚಿ ಸೀರೆಗಳನ್ನು ಕಪಾಟಿನಲ್ಲಿ ಜೋಡಿಸಿದಳು. ತೊಲೆ ಮತ್ತೆ ಸೀಳಲಿಲ್ಲ. ಮಳೆಗೆ ಮೊದಲೇ ಹಂಚು ಕೂತಿತು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಹುಂಚದ ಕಡೆಯಿಂದ ಒಬ್ಬಳು ಅಜ್ಜಿ ಬಂದಳು. ಮನೆ ಮಾರಿದ ಗೋಪಾಲಪ್ಪನ ತಾಯಿ. ತಾನು ಬಾಳಿದ ಮನೆ ಹೇಗಾಗಿದೆ ನೋಡುವ ಆಸೆ. ಮೀನಾಕ್ಷಮ್ಮ ಕಾಫಿ ಮಾಡಲು ಒಳಗೆ ಹೋದಳು. ಸೀತಾರಾಮಪ್ಪ ಹೆಮ್ಮೆಯಿಂದ ಅಜ್ಜಿಯನ್ನು ಹಿತ್ತಲಿಗೆ ಕರೆದೊಯ್ದ. ರಂಜದ ಬುಡದಲ್ಲಿ ಕುಂಕುಮ, ದಾಸವಾಳ, ಒಣಗಿದ ಗರಿಗಳ ನಡುವೆ ಕಲ್ಲು ಕೂತಿತ್ತು.

"ಇದ್ಯಾರು?" ಎಂದಳು ಅಜ್ಜಿ.

"ನಿಮ್ಮನೆ ಚೌಡಿ ಅಲ್ವನ ಅಜ್ಜಿ."

"ನಮ್ಮ ಚೌಡೀನ ನಾವು ಬಿಟ್ಟೋಗ್ತೀವಾ? ಹೊರಟ ದಿನ ಬುಟ್ಟೀಲಿ ಕೂರ್ಸಿ ನಾನೇ ತಲೆ ಮೇಲೆ ಹೊತ್ಕಂಡು ಹೋದೆ. ಈಗ ನಮ್ಮ ಗದ್ದೆ ಬದೀಲಿದಾಳೆ."

ಸೀತಾರಾಮಪ್ಪನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೆಟ್ಟಿಲು ಬರೀ ಮೆಟ್ಟಿಲು! ಬಚ್ಚಲು ಬರೀ ಬಚ್ಚಲು! ಖುಷಿಯಲ್ಲಿ ನಗರದ ರಸ್ತೆಯ ಮೋರಿಯಿಂದ ಹಿಡಿದು ಮಂಗಳವಾರದ ಪೂಜೆಯವರೆಗೆ ಎಲ್ಲವನ್ನೂ ಅಜ್ಜಿಗೆ ಪಿಸುಮಾತಿನಲ್ಲಿ ಹೇಳಿ ನಕ್ಕ. ಅಜ್ಜಿ ನಗಲಿಲ್ಲ.

"ಕೋಳಿ ಕೊಡುವಾಗ ಏನಂತ ಕರ್ದೆ?"

ಹೇಳಿದ.

ಅಜ್ಜಿ ಕಲ್ಲಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಳು. "ಎಂತ ಕೆಲಸ ಮಾಡ್ದೆ ಮಾರಾಯ. ದಾರಿ ಮೇಲಿನ ಯಾವ್ದೋ ಕಲ್ಲು ತಂದಿಟ್ಟು, ನೆತ್ತರು ಬಿಟ್ಟು, ಯಾರಾದ್ರೂ ಬನ್ನಿ ಅಂದ್ರೆ ಯಾರೋ ಒಬ್ರು ಬರ್ದೇ ಇರ್ತಾರಾ? ಬಂದು ಕೂತಿದಾರೆ. ಯಾರು ಅಂತ ನಂಗೂ ಗೊತ್ತಾಗ್ತಿಲ್ಲ."

"ಹೆದರಿಸ್ಬೇಡಿ ಅಜ್ಜಿ. ಎತ್ತಿ ವಾಪಸ್ ಮೋರಿ ಹತ್ರ ಎಸೆದು ಬರ್ತೀನಿ."

"ಎತ್ತು ನೋಡನ."

ಸೀತಾರಾಮಪ್ಪ ಪಂಚೆ ಮೇಲೆ ಕಟ್ಟಿದ. ಬಗ್ಗಿದ. ಕಲ್ಲು ಕೂದಲೆಳೆಯಷ್ಟೂ ಅಲುಗಲಿಲ್ಲ.

ಅಷ್ಟರಲ್ಲಿ ಮೀನಾಕ್ಷಮ್ಮ ಕಾಫಿ ತಂದಳು. ಅವಳ ಮುಖದಲ್ಲಿ ಒಂಬತ್ತು ಮನೆಗಳಲ್ಲೂ ಅವನು ನೋಡಿರದ ಗೆಲುವಿತ್ತು.

"ಅಜ್ಜಿ, ಇವಳು ಬಂದ್ಮೇಲೆ ನಂಗೆ ಬೇಜಾರೇ ಇಲ್ಲ ನೋಡಿ. ಮಧ್ಯಾಹ್ನ ಒಬ್ಳೇ ಇದ್ದಾಗ ಹಿತ್ತಲಿಂದ 'ಮೀನಾಕ್ಷೀ' ಅಂತ ಕರೀತಾಳೆ. ಅವ್ವ ಹೋದ್ಮೇಲೆ ನನ್ನನ್ನ ಹಾಗೆ ಕರೆದೋರೇ ಇರ್ಲಿಲ್ಲ. ಇವರಂತೂ ಮೂವತ್ತು ವರ್ಷದಿಂದ 'ಇವಳೇ' ಅಂತಲೇ ಕರೀತಾರೆ."

ಅಜ್ಜಿ ಲೋಟ ಮುಟ್ಟಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು, ಹಿತ್ತಲಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆಯುತ್ತ ಓಣಿ ಸೇರಿದಳು.

ಸೀತಾರಾಮಪ್ಪ ಹೆಂಡತಿಯ ಕೈಯ ಲೋಟ ತೆಗೆದು ಕೆಳಗಿಟ್ಟ. "ಇವಳೇ... ಮೀನಾಕ್ಷಿ, ನಾಲ್ಕು ದಿನ ಸಾಗರಕ್ಕೆ ಹೋಗಿ ನಿಮ್ಮಕ್ಕನ ಮನೇಲಿ ಇದ್ದು ಬರೋಣ. ಟ್ರಂಕು ಕಟ್ಟು."

ಮೀನಾಕ್ಷಮ್ಮ ಕಲ್ಲಿನ ಕಡೆ ತಲೆ ವಾಲಿಸಿ ಒಂದು ಗಳಿಗೆ ಏನೋ ಕೇಳಿಸಿಕೊಂಡಳು.

"ನೀವು ಬೇಕಾದ್ರೆ ಹೋಗ್ಬಹುದಂತೆ," ಎಂದಳು. "ನಾನು ಹೋಗೋ ಹಾಗಿಲ್ಲವಂತೆ."