ಮಿಲಿಂದನ ತಬಲಾ, ಸಾಯಬಣ್ಣನ ನಡೆ

ವಾಡಿ ಜಂಕ್ಷನ್ನಿನಲ್ಲಿ ರೈಲಿಗಾಗಿ ಕಾಯುವವರ ಬೆರಳುಗಳನ್ನು ನೀವು ಗಮನಿಸಿದ್ದೀರೋ ಇಲ್ಲವೋ, ಅವು ಸುಮ್ಮನಿರುವುದೇ ಇಲ್ಲ. ಸೂಟ್‌ಕೇಸಿನ ಮೇಲೆ, ಊಟದ ಡಬ್ಬಿಯ ಮೇಲೆ, ಮಡಿಚಿದ ಪೇಪರಿನ ಮೇಲೆ ಏನಾದರೊಂದು ತಟ್ಟುತ್ತಲೇ ಇರುತ್ತವೆ. ತಾಳಜ್ಞಾನ ಮನುಷ್ಯನಿಗೆ ಜನ್ಮಸಿದ್ಧವೆಂಬ ನನ್ನ ಸಿದ್ಧಾಂತ ಹುಟ್ಟಿದ್ದು ಅಲ್ಲಿಯೇ. ಆ ಸಿದ್ಧಾಂತಕ್ಕೆ ನಾನೊಬ್ಬನೇ ಅಪವಾದವೆಂದು ನಗುವವನು ಗೆಳೆಯ ಮಿಲಿಂದ. ಸೇಡಂ ಕಾಲೇಜಿನಲ್ಲಿ ಕನ್ನಡ ಕಲಿಸುತ್ತ, ಬಿಡುವಿನಲ್ಲಿ ಅವನ ತಬಲಾದ ಜೊತೆ ಹಾರ್ಮೋನಿಯಂ ನುಡಿಸುವ ನನಗೆ ಲಯಕ್ಕಿಂತ ಪ್ರಳಯವೇ ಹೆಚ್ಚು ಒಲಿದಿದೆಯಂತೆ.

ಮಿಲಿಂದ ಭಂಕೂರದವನು. ತಂದೆ ಮರೆಪ್ಪ ಗಣಿಯಲ್ಲಿ ಫರಸಿಕಲ್ಲು ಸೀಳುತ್ತಲೇ ಮೈ ಸವೆಸಿದವರು. ಶಹಾಬಾದಿನ ಶಾಲೆಗೆ ಹೋಗುವ ದಾರಿಯಲ್ಲಿ ಮಿಲಿಂದ ಒಂದು ದರ್ಜಿ ಅಂಗಡಿಯ ಮುಂದೆ ತಬಲಾದ ನಾದ ಕೇಳಿ ನಿಂತನಂತೆ. ಹೊಲಿಗೆ ಬಿಟ್ಟು ತಬಲಾ ನುಡಿಸುತ್ತಿದ್ದ ಉಸ್ತಾದರು ನಿಂತವನನ್ನು ಒಳಗೆ ಕರೆದು ಕೂರಿಸಿದರಂತೆ. ಅಲ್ಲಿಂದ ಹೊರಟ ಆ ಕೈಗಳು ಚಿತ್ತಾಪುರದ ಭಜನೆಗೂ, ಉರುಸಿನ ಕವ್ವಾಲಿಗೂ, ಹೈದರಾಬಾದಿನ ಖಯಾಲ್ ಬೈಠಕ್ಕಿಗೂ ಸಾಥ್ ಕೊಟ್ಟವು. ನಡುವಯಸ್ಸಿಗೆ ಬರುವಷ್ಟರಲ್ಲಿ ಸಾಥಿಯಾಗಿದ್ದವನು ಸಂಯೋಜಕನೂ ಆದ. ತತ್ವಪದದ ಸಾಲಿಗೆ ಕವ್ವಾಲಿಯ ಚಪ್ಪಾಳೆ ಸೇರಿಸಿದ, ಚಿಂಚೋಳಿ ಸೀಮೆಯಲ್ಲಿ ಹೆಂಗಸರು ನಾಟಿ ಮಾಡುತ್ತ ಹಾಡುವ ತೆಲುಗು ಹಾಡಿಗೆ ಝಪತಾಳ ಕೂಡಿಸಿದ. ಕೆಲವರು ಇದನ್ನು ಸಂಗಮ ಎಂದರು, ಕೆಲವರು ಸಂಕರ ಎಂದರು. ಅವನು ಇಬ್ಬರಿಗೂ ಕೈಮುಗಿದ.

ಇಷ್ಟೆಲ್ಲ ಬೆರೆಸಿದವನ ಮನೆಯಲ್ಲಿ ಒಂದು ವಾದ್ಯ ಮಾತ್ರ ನಿಷಿದ್ಧವಾಗಿತ್ತು: ಹಲಗಿ. ಊರಲ್ಲಿ ಯಾರೇ ಸತ್ತರೂ ಹಲಗಿ ಬಾರಿಸುತ್ತ ಹೆಣದ ಮುಂದೆ ನಡೆಯುವುದು ಮಿಲಿಂದನ ಅಜ್ಜ ಸಾಯಬಣ್ಣನ ಮೇಲೂ, ಅವನ ಹಿಂದೆಯೇ ಮರೆಪ್ಪನವರ ಮೇಲೂ ಊರು ಹೊರಿಸಿದ್ದ ಕೆಲಸ. ಬಾಯಾರಿದರೆ ಮೇಲಿನಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಬೌದ್ಧ ದೀಕ್ಷೆ ಪಡೆದು ಮನೆಗೆ ಬಂದ ದಿನ ಸಾಯಬಣ್ಣ, ಮರೆಪ್ಪ ಇಬ್ಬರೂ ತಮ್ಮ ಹಲಗಿಗಳನ್ನು ಅಂಗಳದಲ್ಲಿ ಸುಟ್ಟರು. ಮುಂದೆ ಮಿಲಿಂದ ತಬಲಾ ಕಲಿಯಲು ಮರೆಪ್ಪ ಒಪ್ಪಿದ್ದೂ ಅದನ್ನು ಗಾದಿಯ ಮೇಲೆ ಕೂತು ನುಡಿಸುತ್ತಾರೆಂಬ ಒಂದೇ ಕಾರಣಕ್ಕೆ.

ಈಚೆಗೆ ಮಿಲಿಂದ ಒಂದು ದೊಡ್ಡ ರಚನೆ ಕೈಗೆತ್ತಿಕೊಂಡ. ಅದರಲ್ಲಿ ಹಲಗಿಯೂ ಇರಬೇಕೆಂದು ಅವನ ಮನಸ್ಸು. ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗಲೇ ತಂದೆಯ ಮುಂದೆ ವಿಷಯ ತೆಗೆದ.

ಮರೆಪ್ಪ ಚಹಾದ ಲೋಟ ಕೆಳಗಿಟ್ಟರು. "ಹಲಗಿ ಬಾರ್ಸಿ ನಾ ಏನ್ ಗಳಿಸೀನಿ, ನಿನಗ ಗೊತ್ತದ ಏನು?"

"ಯಪ್ಪಾ, ಸಾವಿಗಿ ಬಾರ್ಸಂಗಿಲ್ಲ. ಸ್ಟೇಜಿನ ಮ್ಯಾಲ ಬಾರ್ಸ್ತೀವಿ."

"ಸ್ಟೇಜ್ ಎತ್ತರ ಆದ್ರ ನಮ್ಮ ಮಾನ ಎತ್ತರ ಆಗ್ತದೇನು? ಸುಟ್ಟಿದ್ದು ಸುಟ್ಟಾಂಗೇ ಇರ್ಲಿ. ಈ ಮನ್ಯಾಗ ಅದರ ಹೆಸರು ತೆಗಿಬ್ಯಾಡ."

ಮಿಲಿಂದ ವಾದಿಸಲಿಲ್ಲ. ಆದರೆ ರಚನೆಯನ್ನೂ ಬಿಡಲಿಲ್ಲ. ಹಲಗಿಯ ನಡೆಯನ್ನು, ಅಂದರೆ ಅದರ ಪೆಟ್ಟುಗಳ ಓಟವನ್ನು, ತಬಲಾದ ಬೋಲುಗಳಲ್ಲಿ ಪೋಣಿಸತೊಡಗಿದ. ಒಂದು ಭಾನುವಾರ ಮಧ್ಯಾಹ್ನ ನಾವಿಬ್ಬರೂ ಅದನ್ನೇ ಅಭ್ಯಾಸ ಮಾಡುತ್ತಿದ್ದೆವು. ಹೊರಗಡೆ ಮರೆಪ್ಪ ತೊಗರಿ ಹಸನು ಮಾಡುತ್ತಿದ್ದ ಮೊರದ ಸದ್ದು ಫಕ್ಕನೆ ನಿಂತಿತು. ಅವರು ಬಾಗಿಲಿಗೆ ಬಂದು ನಿಂತರು.

"ಏನ್ ಬಾರ್ಸಲಿಕತ್ತಿದಿ ಇದು?"

ಮಿಲಿಂದ ತಬಲಾದ ಮೇಲಿಂದ ಕೈ ತೆಗೆದ.

"ಹೆಣ ಊರ ಅಗಸಿ ದಾಟುವಾಗ ನಮ್ಮಪ್ಪ ಬಾರ್ಸ್ತಿದ್ದ ನಡಿ ಇದು. ನಾ ಯಾವತ್ತೂ ನಿನಗ ಕಲಿಸಿಲ್ಲ. ಹ್ಯಾಂಗ ಬಂತು?"

"ಸಣ್ಣಾಂವ ಇದ್ದಾಗ ಅಜ್ಜ ನನ್ನ ಬೆನ್ನ ಮ್ಯಾಲ ಇದನ್ನೇ ತಟ್ಟಿ ಮಲಗಸ್ತಿದ್ದ, ಯಪ್ಪಾ."

ಮರೆಪ್ಪ ಹೊಸ್ತಿಲ ಮೇಲೆ ಕೂತರು. ತಾವು ಒಟ್ಟಿಗೇ ಸುಟ್ಟದ್ದನ್ನು ತಮ್ಮ ತಂದೆ ಮೊಮ್ಮಗನ ಬೆನ್ನಿನಲ್ಲಿ ಉಳಿಸಿಹೋದದ್ದು ಅವರಿಗೆ ಅಂದಿನವರೆಗೂ ತಿಳಿದಿರಲಿಲ್ಲ. ನಾನು ಹಾರ್ಮೋನಿಯಂ ಮುಚ್ಚಿ ಏಳಬೇಕೋ ಇರಬೇಕೋ ತಿಳಿಯದೆ ಅದರ ತಿದಿಯನ್ನೇ ನೋಡುತ್ತ ಕೂತೆ. ಮರೆಪ್ಪನವರೇ ಮಾತಾಡಿದರು.

"ತಬಲಾದಾಗ ಬಾರ್ಸಿದ್ರ ಮಂದಿ ವಾಹ್ ವಾಹ್ ಅಂತಾರ. ನಮ್ಮಪ್ಪಗ ಯಾರೂ ಅನ್ಲಿಲ್ಲ. ಅವನ ನಡಿ ತಗೊಂಡು ಅವನ ಹೆಸರು ಮುಚ್ಚತಿಯೇನು? ಬಾರ್ಸೋದಿದ್ರ ಹಲಗಿನಾಗೇ ಬಾರ್ಸು, ಯಾರದಂತ ಹೇಳಿ ಬಾರ್ಸು. ಇಲ್ಲಂದ್ರ ಬಿಟ್ಟುಬಿಡು."

ಹಾಗೆಂದು ಎದ್ದು ಹೋಗಿ ಮತ್ತೆ ಮೊರ ಹಿಡಿದರು. ಬೆರೆಸುವುದೆಂದರೆ ಕರಗಿಸುವುದೆಂದೇ ತಿಳಿದಿದ್ದ ನಾನು ಆ ಸಂಜೆ ಸೇಡಂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಮಾತನ್ನೇ ಮೆಲುಕು ಹಾಕಿದೆ. ಬೆರೆತ ಮೇಲೂ ಪ್ರತಿಯೊಂದಕ್ಕೂ ತನ್ನ ಹೆಸರು ಉಳಿಯಬೇಕಲ್ಲವೇ, ಓದುಗ ಮಿತ್ರರೇ?

ಆ ರಚನೆಯ ಮೊದಲ ಕಛೇರಿ ನಡೆದದ್ದು ಚಿಂಚೋಳಿಯಲ್ಲಿ. ಮಿಲಿಂದನ ಕರೆಗೆ ಓಗೊಟ್ಟು ಚಿಮ್ಮನಚೋಡದಿಂದ ಹಲಗಿ ಕಲಾವಿದರಿಬ್ಬರು ಬಂದಿದ್ದರು. ಅವರು ನಿಂತು ಬಾರಿಸುವವರಲ್ಲವೇ ಎಂದು ಆಯೋಜಕರು ಅವರಿಗೆ ವೇದಿಕೆಯ ಕೆಳಗೆ ಜಾಗ ಮಾಡಿದ್ದರು. ಮಿಲಿಂದ ದನಿ ಏರಿಸದೆ, "ಅವರು ನನ್ನ ಬಾಜೂಕೇ ನಿಂದ್ರತಾರ್ರಿ. ಇಲ್ಲಂದ್ರ ನಾನೂ ತಬಲಾ ತಗೊಂಡು ಕೆಳಗ ಬರ್ತೀನಿ" ಎಂದ. ಅವರು ಮೇಲೆ ಬಂದರು. ಆಮೇಲೆ ಅವನು ಮೈಕಿನಲ್ಲಿ ಹೇಳಿದ: "ಈ ನಡಿ ನಮ್ಮಜ್ಜ, ಭಂಕೂರದ ಸಾಯಬಣ್ಣಂದು. ಅವರು ಹೆಣದ ಮುಂದ ಬಾರ್ಸ್ತಿದ್ರು. ಇವತ್ತ ನಿಮ್ಮ ಮುಂದ ಬಾರ್ಸ್ತೀವಿ."

ಹಲಗಿ ಕೇಳಿತು, ತಬಲಾ ಉತ್ತರಿಸಿತು. ಕ್ರಮೇಣ ಕೇಳುವವರಾರು, ಉತ್ತರಿಸುವವರಾರು ಎಂಬುದೇ ಉಳಿಯಲಿಲ್ಲ. ಆ ಭಾಗದಲ್ಲಿ ನನ್ನ ಹಾರ್ಮೋನಿಯಂ ಪೂರ್ತಿ ಮೌನ. ನನ್ನ ಜೀವಮಾನದ ಶ್ರೇಷ್ಠ ವಾದನ ಅದೇ ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟುವಾಗ ಹಿಂದಿನ ಸಾಲಿನಲ್ಲಿದ್ದ ಮರೆಪ್ಪ ಮಾತ್ರ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು.

ಜನ ಕರಗಿದ ಮೇಲೆ ನಾನು ಅವರ ಬಳಿ ಹೋದೆ. "ಕಾಕಾ, ಈ ನಡಿ ನೀವೂ ಬಾರ್ಸ್ತಿದ್ರಲ್ಲಾ?" ಎಂದು ಕೇಳಿದೆ.

"ಬಾರ್ಸ್ತಿದ್ದೆರಿ, ಸರ. ಭಾಳ ಬಾರ್ಸೀನಿ" ಎಂದರು. ಖಾಲಿ ಕುರ್ಚಿಗಳನ್ನು ನೋಡಿದರು. "ಆದ್ರ ಮಂದಿ ಕುಂತು ಕೇಳೋದು ಇವತ್ತೇ ನೋಡಿದೆ."

ಮಗನಿಗೆ ಕಾಯದೆ ಅವರು ನಮ್ಮೆಲ್ಲರನ್ನೂ ಊರು ಮುಟ್ಟಿಸಬೇಕಿದ್ದ ಜೀಪಿನ ಕಡೆ ನಡೆದರು. ಚಿಮ್ಮನಚೋಡದ ಕಲಾವಿದರಿಬ್ಬರೂ ಆಗಲೇ ಒಳಗೆ ಕೂತಿದ್ದರು. ಮರೆಪ್ಪ ಅವರ ನಡುವೆ ಜಾಗ ಮಾಡಿಸಿಕೊಂಡು ಕೂತರು.