ಪಂಡರಿಯ ಕಿವಿಮಂತ್ರ

ಹುಮನಾಬಾದಿನ ಮೀರಾಬಾಯಿ ಇತಿಹಾಸ ಬರೆಯಲು ಕೂತದ್ದೇ ಒಂದು ಜಾದು. ನಾಲ್ಕನೇ ಈಯತ್ತೆಯೂ ಪೂರಾ ಮಾಡದ ಹೆಂಗಸು. ಗಂಡ, ಜಾದುಗಾರ ಪಂಡರಿ, 2003ರಲ್ಲಿ ತೀರಿಹೋದ. ಮರುವರ್ಷ ಸಾಲಿಯ ವಿದ್ಯಾವತಿ ಟೀಚರ್ ಈ ಕಡೆಯ ಹಳೆಯ ಕಲಾವಿದರ ಪುಸ್ತಕ ಮಾಡಲು ಹೊರಟರು. ಜಾದುಗಾರರ ಪಾಲು ಇವಳ ಕೊರಳಿಗೆ ಬಿತ್ತು. ಇಪ್ಪತ್ತು ವರ್ಷ ಜಾದುವಿನಲ್ಲೇ ಇದ್ದವಳಲ್ಲವೇ ಎಂದರು. ಇದ್ದಳು ಖರೆ. ಪೆಟ್ಟಿಗೆಯೊಳಗೆ ಇದ್ದಳು.

ಪಂಡರಿ ಇವಳನ್ನು ಪೆಟ್ಟಿಗೆಗೆ ಹಾಕಿ ಮಾಯ ಮಾಡುತ್ತಿದ್ದ. ಇವಳು ಮೊಣಕಾಲು ಗದ್ದಕ್ಕೆ ಹಚ್ಚಿ ಅಡಗುತ್ತಿದ್ದಳು. ಎಲ್ಲಿ, ಹ್ಯಾಂಗ ಅಂತ ಬರೆಯುವಂತಿಲ್ಲ, ಆಣೆ ಹಾಕಿದ್ದಾಳೆ. ಆದರೆ ಗಂಡನ ಆಟವನ್ನು ಮುಂದೆ ಕೂತು ಒಮ್ಮೆಯೂ ನೋಡಿದವಳಲ್ಲ. ಹದಿನೈದು ದಿನ ತಿಣುಕಿ ಬರೆದದ್ದು ಇಷ್ಟು: ಕತ್ತಲೆ ಇತ್ತು. ಸೆಕೆ ಇತ್ತು. ಮಂದಿ ಚಪ್ಪಾಳೆ ಹೊಡೆದರು.

ಟೀಚರ್ ಓದಿ, ಪಂಡರಿಯ ಕಿವಿಮಂತ್ರ ಎಲ್ಲಿ ಎಂದು ಕೇಳಿದರು. ಖಾಲಿ ಪೆಟ್ಟಿಗೆ ತೋರಿಸಿ, ಮುಚ್ಚಿ, ಆತ ಬಗ್ಗಿ ಕಿವಿ ಹಚ್ಚಿ ಏನೋ ಗುಣುಗುತ್ತಿದ್ದನಂತೆ. ಆಮೇಲೆ ಹೆಂಡತಿ ಎದ್ದು ಬರುತ್ತಿದ್ದಳಂತೆ. ಆ ಮಂತ್ರ ತನ್ನ ಅಜ್ಜನದು, ಪಂಡರಿ ಕದ್ದ ಎಂದು ಬಸವಕಲ್ಯಾಣದ ಜಾದುಗಾರ ಖಾಜಾ ಟೀಚರಿಗೆ ಬರೆದು ಕೊಟ್ಟಿದ್ದ.

ಅಂಥ ಮಂತ್ರವನ್ನು ಒಳಗಿದ್ದ ಮೀರಾಬಾಯಿ ಒಂದು ದಿನವೂ ಕೇಳಿರಲಿಲ್ಲ. ಆದರೂ ಸತ್ತವನ ಮೇಲೆ ಕಳವು ಹೊರಿಸಿದರೆ ಸುಮ್ಮನಿರಲಾದೀತೇ? ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಳು. ಇತಿಹಾಸ ಬರೆಯುವವರು ಹೀಗೇ ಹೋಗುತ್ತಾರೋ ಏನೋ.

ಖಾಜಾ ಮನೆಯಲ್ಲಿರಲಿಲ್ಲ. ಅವನ ಹೆಂಡತಿ ರಹೀಮಾ ಇದ್ದಳು. ಅವಳೂ ಪೆಟ್ಟಿಗೆಯವಳೇ. ಹಿಂದೆ ಎರಡೂ ತಂಡ ಒಂದೇ ಕಡೆ ಆಡಿದಾಗ ಇವಳು ಖಾಜಾನ ಆಟ ನೋಡಿದ್ದಳು, ಅವಳು ಪಂಡರಿಯದು. ಚಹಾ ಕುಡಿಯುತ್ತ ಒಬ್ಬಳ ಗಂಡನನ್ನು ಇನ್ನೊಬ್ಬಳು ಬಣ್ಣಿಸಿದಳು. ಬಗ್ಗುವಾಗ ಪಂಡರಿಯ ಮುಖ ಸಣ್ಣದಾಗುತ್ತಿತ್ತು ಎಂದಳು ರಹೀಮಾ. ನಿಮ್ಮವರೂ ಹಂಗೇ ಬಗ್ಗುತ್ತಿದ್ದರು ಎಂದಳು ಮೀರಾಬಾಯಿ.

ರಹೀಮಾ ಚಹಾದ ಬಸಿ ಕೆಳಗಿಟ್ಟಳು. "ಒಳಗ ನಿನಗ ಏನ್ ಕೇಳಸ್ತಿತ್ತು?"

"ದಿನಾ ಒಂದೇ. 'ಉಸಿರಾಡಾಕತ್ತೀಯೇನ' ಅಂತಿದ್ರು. 'ಸತ್ತಿಲ್ಲ, ಲಗೂ ತಗೀರಿ' ಅಂತಿದ್ದೆ."

ರಹೀಮಾ ಸೆರಗಿನಿಂದ ಬಸಿಯ ಅಂಚು ಒರೆಸಿದಳು.

"ನಮ್ಮವ್ರು ಬರೇ ಬಗ್ಗತಿದ್ರು. ಏನೂ ಕೇಳತಿದ್ದಿಲ್ಲ. ನಿಮ್ಮವ್ರನ್ನ ನೋಡಿ ಬಗ್ಗೂದಷ್ಟ ಕಲತ್ರು. ನಾ ಹೇಳೀನಿ ಅಂತ ಬರಕೋ ಅಕ್ಕಾ."

ಜೋಡಿಸಿಕೊಂಡ ಬೈಗುಳವನ್ನು ಹಾಗೇ ಹೊತ್ತು ಮೀರಾಬಾಯಿ ವಾಪಸ್ ಬಂದಳು. ಪಂಡರಿ ತೀರಿಹೋದ ಮುಂಜಾನೆ ಅವಳೂ ಅವನ ಮುಖದ ಹತ್ತಿರ ಬಗ್ಗಿ 'ಉಸಿರಾಡಾಕತ್ತೀರೇನ' ಅಂತಲೇ ಕೇಳಿದ್ದಳು. ಬೈದಾದರೂ ಉತ್ತರ ಬರಲಿಲ್ಲ.

ಮರುದಿನ ಟೀಚರಿಗೆ ಕೊಟ್ಟ ಹಾಳೆಯಲ್ಲಿ ಮಂತ್ರ, ಅದರ ಉತ್ತರ, ಕೆಳಗೆ ರಹೀಮಾಳ ಸಾಕ್ಷಿ ಇತ್ತು. ಟೀಚರ್ ಎರಡು ಸಲ ಓದಿ, ಇದು ಮಂತ್ರ ಹೇಗಾಗುತ್ತದೆ ಎಂದರು.

"ಯಾಕ ಆಗೂದಿಲ್ರಿ? ದಿನಾ ಹೊರಗ ಬಂದೀನಲ್ರಿ."