ಕರಿ ಪಟ್ಟಿ

ನಮ್ಮ ಸೋದರಮಾವನ ಹೆಂಡತಿಯನ್ನು ನಾವು ಅತ್ತಿ ಎನ್ನುತ್ತೇವೆ. ಆಕೆಯ ಮೇಲಿನ ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಯಬೇಕೆಂದೂ ಇಲ್ಲ. ಆಕೆಯ ಮಗನ ಮದುವೆ ಲಕ್ಷ್ಮೇಶ್ವರದಲ್ಲಿ ನಡೆಯಿತು. ವಿಡಿಯೋ ಬೆಟಗೇರಿಯ ನಮ್ಮ ಸ್ಟುಡಿಯೋದ್ದೇ. ಶೂಟಿಂಗ್ ನನ್ನ ಗಂಡನದು, ಕಂಪ್ಯೂಟರ್ ಮುಂದೆ ಕೂತು ಮಿಕ್ಸಿಂಗ್ ಮಾಡಿ ಡಿವಿಡಿ ತೆಗೆಯುವುದು ನನ್ನ ಕೆಲಸ.

ಮದುಮಗ ಗದಗಿನಲ್ಲಿ ಕಾಲೇಜು ಓದಿದ್ದು ನನ್ನ ಅಕ್ಕನ ಮನೆಯಲ್ಲಿದ್ದುಕೊಂಡು. ಬೆಳಗಿನ ರೊಟ್ಟಿಯಿಂದ ಹಿಡಿದು ಜ್ವರ ಬಂದಾಗಿನ ಗಂಜಿಯವರೆಗೆ ಎಲ್ಲವೂ ಅವಳ ಕೈಯದೇ. ಮದುವೆಯ ಹೊತ್ತಿಗೆ ನಮ್ಮ ಭಾವ ತೀರಿಕೊಂಡು ವರ್ಷವಾಗಿತ್ತು. ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕಲು ಅಕ್ಕ ಮುಂದೆ ಬಂದಳು. ಅತ್ತಿ ಅಡ್ಡ ನಿಂತಳು.

"ನೀ ಅಲ್ಲೇ ಕಂಬದ ಕಡೆ ನಿಂದ್ರವಾ. ಶುಭಕಾರ್ಯ ಐತಿ, ಮುಂದ ಬರಬ್ಯಾಡ."

ವಾಲಗ ಊದುವವರಿಗೂ ಕೇಳುವಷ್ಟು ಜೋರಾಗಿ ಹೇಳಿದಳು. ಅಕ್ಕ ಕಂಬದ ಬಳಿಯಿಂದಲೇ ಎಸೆದಳು. ಕಾಳು ಅವನವರೆಗೆ ಮುಟ್ಟಲೇ ಇಲ್ಲ.

ಆಗಷ್ಟೇ ನಾವು ಅಗಲ ಚಿತ್ರ ತೆಗೆಯುವ ಹೊಸ ಕ್ಯಾಮೆರಾ ಕೊಂಡಿದ್ದೆವು. ಮನೆಗಳಲ್ಲಿ ಇನ್ನೂ ಡಬ್ಬಿ ಟೀವಿ. ಅಗಲ ಚಿತ್ರವನ್ನು ಆ ಚೌಕದೊಳಗೆ ತುರುಕಿದರೆ ಮಂದಿಯೆಲ್ಲ ಹಿಂಡಿದ ಹಾಗೆ ಸಣಕಲಾಗಿ, ಉದ್ದವಾಗಿ ಕಾಣುತ್ತಾರೆ. ಅದಕ್ಕೇ ಚಿತ್ರವನ್ನು ಪೂರ್ತಿ ಉಳಿಸಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಡಿವಿಡಿ ಮಾಡಿಕೊಟ್ಟೆ. ಮರುದಿನವೇ ಅತ್ತಿ ಅದನ್ನು ಹಿಡಿದುಕೊಂಡು ಬಸ್ಸಿಳಿದು ಬಂದಳು.

"ಏನ ಬೇ, ನನ್ನ ಮಗನ ಲಗ್ನಕ್ಕ ಕರಿ ಪಟ್ಟಿ ಹಚ್ಚಿ ಕೊಟ್ಟೀಯಲ್ಲ. ಸತ್ತವರ ಫೋಟೋ ಐತೇನದು?"

"ಚಿತ್ರ ಅಗಲ ಐತಿ, ಟೀವಿ ಚೌಕ ಐತಿ, ಅದಕ್ಕ ಬರತಾವ್ರಿ ಅತ್ತಿ. ಪಟ್ಟಿ ತೆಗದ್ರ ಬಾಜೂ ಕಟ್ ಆಗತೈತಿ."

"ಆಗ್ಲೇಳು. ಬಾಜೂಕ ಯಾರದಾರ? ಕಂಬ ಅಷ್ಟ."

ಕಂಬ ಅಷ್ಟ. ಆ ಕಂಬದ ಬಳಿ ನಿಂತದ್ದು ನನ್ನ ಅಕ್ಕ. "ಆತ್ರಿ" ಎಂದೆ.

ಬಾಜೂ ಕತ್ತರಿಸುವಾಗ ಎಡಬಲ ಸಮನಾಗಿಯೇ ಕತ್ತರಿಸಬೇಕೆಂದೇನೂ ಇಲ್ಲ. ಚೌಕವನ್ನು ಯಾವ ಕಡೆಗೆ ಬೇಕಾದರೂ ಸರಿಸಬಹುದು. ಅಕ್ಕಿಕಾಳಿನ ದೃಶ್ಯದಲ್ಲಿ ಎಡಕ್ಕೆ ಅಕ್ಕ, ನಡುವೆ ಮದುಮಕ್ಕಳು, ಬಲಕ್ಕೆ ಜರಿ ಸೀರೆಯ ಅತ್ತಿ. ನಾನು ಚೌಕವನ್ನು ಎಡಕ್ಕೆ ಎಳೆದೆ. ಅಕ್ಕ ಉಳಿದಳು, ಅತ್ತಿ ಹೋದಳು. ಅಷ್ಟಕ್ಕೇ ಬಿಡಲಿಲ್ಲ. ಉಡುಗೊರೆ, ಆಯೇರಿ ಕೊಡುವಾಗ, ಬೀಗರು ಊಟಕ್ಕೆ ಕೂತಾಗ, ಆಕೆ ಯಾವ ಕಡೆ ನಿಂತಿದ್ದಳೋ ಆ ಕಡೆಯನ್ನೇ ಕತ್ತರಿಸಿದೆ. ನಡುವೆ ಬಂದಿದ್ದರೆ ಆ ತುಣುಕನ್ನೇ ಕಿತ್ತೆ. ಇಷ್ಟು ಮನಸ್ಸಿಟ್ಟು ಯಾರ ಮದುವೆಗೂ ನಾನು ಮಿಕ್ಸಿಂಗ್ ಮಾಡಿಲ್ಲ. ಕೊನೆಗೆ ಆಕೆಯದೆಂದು ಉಳಿದದ್ದು ಅಂಚಿನಲ್ಲಿ ಹಸಿರು ಬಳೆಯ ಒಂದು ಕೈ.

ಅತ್ತಿ ಓಣಿಯ ಹೆಂಗಸರನ್ನೆಲ್ಲ ಕರೆದು ಕೂರಿಸಿಕೊಂಡು ಡಿವಿಡಿ ಹಾಕಿದಳಂತೆ. ಪಟ್ಟಿ ಇಲ್ಲ, ಟೀವಿ ತುಂಬ ಮದುವೆ. ಮದುವೆಗೆ ಬರಲಾಗದಿದ್ದ ಶಿಗ್ಲಿಯ ನೆಂಟರಾಕೆಯೊಬ್ಬಳು ಎಲ್ಲ ಮುಗಿದ ಮೇಲೆ, "ಅಲ್ಲ, ಹುಡುಗನ ತಾಯಿ ಲಗ್ನಕ್ಕ ಬಂದಿದ್ದಿಲ್ಲೇನು?" ಎಂದು ಕೇಳಿದಳಂತೆ. ಮಾವ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ಹೋಳಿಗೆ ಊಟ ಉಂಡಷ್ಟು ತೃಪ್ತಿಯಾಯಿತು.

ಅತ್ತಿ ಮತ್ತೆ ಬಂದಳು. ಈ ಸಲ ದನಿ ಇಳಿದಿತ್ತು.

"ನಾ ಎಲ್ಲೂ ಇಲ್ಲಲ್ಲವಾ."

"ನೀವು ಬಾಜೂಕ ನಿಂತಿದ್ರಿ, ಅತ್ತಿ."

"ಹೆಂಗರ ಮಾಡಿ ನನ್ನ ಹಾಕು. ಇರಾಂವ ಒಬ್ಬನ ಮಗ."

"ಹಾಕ್ತೀನ್ರಿ. ಆದ್ರ ಕರಿ ಪಟ್ಟಿ ಬರತಾವು. ನಮ್ಮಕ್ಕನೂ ಬರತಾಳ."

ಆಕೆ ಕೈಬಳೆ ತಿರುಗಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಕನಿಕರ ಬರಲಿಲ್ಲ. ಕಂಬದ ಹತ್ತಿರ ಅಕ್ಕ ಕಣ್ಣೊರೆಸಿಕೊಂಡಾಗ ಆಕೆಗೂ ಬಂದಿರಲಿಲ್ಲ.

"ಬರ್ಲಿ," ಎಂದಳು.

ಅಲ್ಲೇ ಕೂರಿಸಿಕೊಂಡು ಮಾಡಿಕೊಟ್ಟೆ. ಎಡಬಲ ಒಂದಿಷ್ಟೇ ಕತ್ತರಿಸಿದ್ದರೆ ಇಬ್ಬರೂ ಉಳಿಯುತ್ತಿದ್ದರು, ಪಟ್ಟಿಯೂ ತೆಳ್ಳಗಾಗುತ್ತಿತ್ತು. ಅದು ನನಗೆ ಗೊತ್ತಿತ್ತು. ಮಾಡಲಿಲ್ಲ.